ಆರನೇ ಹಾಡಿನ ಮೇಲ್ದನಿ

ಫೆಬ್ರವರಿ ೧೧

ಹಾಡಿನ ಕಂಪನಿಯವರಿಗೆ,

ನನ್ನ ಪರಿಚಯ ನಿಮಗಿಲ್ಲ. ಬಸ್ ಡಿಪೋ ಎದುರಿನ ಸಾಲಿನಲ್ಲಿ ನಂದೊಂದು ಟೈಲರ್ ಅಂಗಡಿ. ಹೊಸ ಬಟ್ಟೆ ಹೊಲಿಸೋರು ಈಗ ಕಡಿಮೆ. ಪ್ಯಾಂಟಿನ ಕಾಲು ಗಿಡ್ಡ ಮಾಡೋದು, ಜಿಪ್ ಹಾಕೋದು, ದಪ್ಪಗಾದವರ ಅಂಗಿ ಬಿಚ್ಚಿ ಅಗಲ ಮಾಡೋದು, ಇಷ್ಟೇ. ಕಾಗದ ಬರೆದು ರೂಢಿ ಇಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರ ಒಬ್ಬಳು ಹುಡುಗಿ ಚೀಲದ ಜಿಪ್ ಹಾಕಿಸೋಕೆ ಬಂದಳು. ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಹಾಡು ಹಾಕಿದಳು. ಮೊದಲು ಬಂದದ್ದು ದೋಣಿಗೆ ಮೂಟೆ ತುಂಬೋರು ಎಣಿಕೆ ಹಾಕೋ ಕೂಗು, ಅದರ ಹಿಂದೆ ಗಾಳಿಗೆ ತಿರುಗಿ ಉಪ್ಪುನೀರು ಎತ್ತೋ ಗಾಳಿಪಂಪಿನ ಕಿರ್ರ್ ಅನ್ನೋ ಸದ್ದು. ಮಿಷಿನ್ ಮೇಲೆ ನನ್ನ ಕಾಲು ನಿಂತೇ ಹೋಯ್ತು. ನಾವು ದುಡಿದ ಉಪ್ಪಿನಾಗರ ಮುಚ್ಚಿ, ಅಲ್ಲಿ ಗೋದಾಮು ಎದ್ದು ಎಷ್ಟು ಕಾಲ ಆಯ್ತು! ಆ ಪಂಪಿಗೆ ಎಣ್ಣೆ ಹಾಕಿ ಹಾಕಿ ಸಾಕಾಗಿದ್ದವರು ನಾವು. ಆಮೇಲೆ ಇನ್ನೊಂದು ಹಾಡು ಬಂತು. 'ಎಳೆಯೇ ಗೆಳತಿ ಎಳೆಯೇ, ಬಿಸಿಲು ಬಿತ್ತಿದ ಬೆಳೆಯೇ.' ಇಬ್ಬರು ಹೆಂಗಸರು. ಒಬ್ಬಳು ಮೇಲೆ ಎತ್ತಿ ಹಾಡ್ತಾಳೆ, ಇನ್ನೊಬ್ಬಳು ಉಪ್ಪು ಬಳಿಯೋ ಗೋರುಹಲಗೆ ಎಳೆಯೋ ಲೆಕ್ಕಕ್ಕೆ ಕೆಳಗಿಂದ ಸೊಲ್ಲು ಕೊಡ್ತಾಳೆ.

ನನ್ನ ಮುಖ ನೋಡಿ ಹುಡುಗಿ ಕೇಳಿದಳು, "ಯಾರು ಆಂಟಿ, ನಿಮಗೆ ಗೊತ್ತಾ?"

"ನಾನೇ," ಅಂದೆ.

ಅವಳು ಫೋನ್ ನೋಡಿ ಓದಿದಳು: 'ಉಪ್ಪುಸೀಮೆಯ ಹದಿನಾಲ್ಕು ದನಿಗಳು. ಆರನೇ ಹಾಡು. ಹಾಡಿದವರು: ಗೊತ್ತಿಲ್ಲ.'

ಗೊತ್ತಿಲ್ಲ ಅಂದ್ರೆ ಏನು ಸ್ವಾಮಿ? ಆಗರದಲ್ಲಿ ನಮ್ಮನ್ನ ಅರಿಯದ ನಾಯಿ ಕೂಡ ಇರಲಿಲ್ಲ. ಮೇಲಿನ ದನಿ ನಂದು. ಕೆಳಗಿಂದು ನನ್ನ ತಂಗೀದು, ಅವಳು ಎಲ್ಲಿದಾಳೋ ಏನೋ. ಗುರುತು ಬೇಕಾದರೆ ಹೇಳ್ತೀನಿ: ಹಾಡಿನ ನಡುವೆ ಒಂದು ನಗು ಕೇಳಿಸುತ್ತೆ. ನಮ್ಮ ಹಾಡು ಹಿಡಕೊಳ್ಳೋಕೆ ಬಂದಿದ್ದ ಟೇಪಿನ ಮೇಷ್ಟ್ರು ಕಿವಿಗೆ ಡಬ್ಬಿ ಕಟ್ಟಿಕೊಂಡು ಹಿಂದೆ ಹಿಂದೆ ಸರಿದು ಉಪ್ಪುನೀರಿನ ಹೊಂಡದಲ್ಲಿ ದಬಕ್ಕನೆ ಕೂತುಬಿಟ್ಟರು. ಟೇಪನ್ನ ಮಾತ್ರ ಎಳೆಮಗು ಥರ ತಲೆ ಮೇಲೆ ಎತ್ತಿ ಹಿಡಿದಿದ್ದರು.

ಅಲ್ಲಿ ನನಗೆ ಕಡ್ಡಿ ಅಂತಿದ್ದರು. ಈಗ ನೋಡಿದವರು ತೊಲೆ ಅಂದಾರು. ಹೆಸರು ಹಾಕೋವಾಗ ಕಡ್ಡಿ ಅಂತಲೇ ಹಾಕಿ, ಆ ಕಡೆಯವರು ಯಾರಾದರೂ ಉಳಿದಿದ್ದರೆ ಗುರುತು ಹಿಡೀತಾರೆ.

ಇಂತಿ,
ಡಿಪೋ ಎದುರಿನ ಟೈಲರ್


ಫೆಬ್ರವರಿ ೨೪

ಮಾನ್ಯ ಕಡ್ಡಿಯಮ್ಮನವರಿಗೆ,

ನಿಮ್ಮ ಕಾಗದವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹದಿನಾಲ್ಕು ಹಾಡುಗಳನ್ನು ಆರಿಸಿ, ಕ್ರಮ ಹಚ್ಚಿ, ಜೊತೆಗಿನ ಪುಸ್ತಿಕೆ ಬರೆದವನು ನಾನು. ಟೇಪಿನ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯವರು ಹನ್ನೊಂದು ಪೆಟ್ಟಿಗೆ ಟೇಪು ನಮಗೆ ಕೊಟ್ಟರು. ಎರಡು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕೇಳಿದ್ದೇನೆ. ನಿಮ್ಮ ಹಾಡಿನ ಡಬ್ಬಿಯ ಮೇಲೆ ಇದ್ದದ್ದು 'ಹೆಂಗಸರು, ಉಪ್ಪು ಗೋರುವಾಗ' ಎಂಬ ಮೂರೇ ಪದ. ಆ ನಗುವನ್ನು ಕತ್ತರಿಸಿ ಎಂದು ಎಲ್ಲರೂ ಹೇಳಿದ್ದರು. ಮನಸ್ಸು ಬರಲಿಲ್ಲ. ಕಾರಣ ಈಗ ಗೊತ್ತಾಗಿ ಒಬ್ಬನೇ ಕೂತು ನಕ್ಕೆ.

ನಿಮಗೊಂದು ಸುದ್ದಿ ಹೇಳಬೇಕು. ನಾಲ್ಕು ತಿಂಗಳ ಹಿಂದೆ ಇದೇ ಹಾಡಿನ ಬಗ್ಗೆ ಇನ್ನೊಂದು ಕಾಗದ ಬಂದಿತ್ತು. ಗುಬ್ಬಿ ಎಂದು ಸಹಿ ಇತ್ತು. ನಾಲ್ಕೇ ಸಾಲು: 'ಆರನೇ ಹಾಡಿನಲ್ಲಿ ಮೇಲೆ ಹಾಡಿರೋದು ನನ್ನ ಅಕ್ಕ. ಅವಳನ್ನ ಕಡ್ಡಿ ಅಂತಾರೆ. ಅವಳ ಹೆಸರು ಹಾಕಿ. ಕೆಳಗಿನ ದನಿಯ ಹೆಸರು ಬೇಡ.' ಒಂದೇ ಕಾಗದದ ಮಾತು ನಂಬಿ ಹೆಸರು ಅಚ್ಚು ಹಾಕಲು ಧೈರ್ಯ ಬರಲಿಲ್ಲ. ಈಗ ಎರಡೂ ಕಾಗದ ಒಂದನ್ನೇ ಹೇಳುತ್ತಿವೆ. ಎರಡನೇ ಮುದ್ರಣದಲ್ಲಿ ನಿಮ್ಮ ಹೆಸರು ಬರುತ್ತದೆ. ಇದರೊಡನೆ ಒಂದು ಒಪ್ಪಿಗೆಯ ಫಾರಂ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸಿ.

ನಿಮ್ಮ ತಂಗಿಯವರ ವಿಳಾಸವನ್ನು ಅವರನ್ನು ಕೇಳದೆ ಕೊಡಲಾರೆ. ನೀವೇನಾದರೂ ಬರೆದರೆ ಖಂಡಿತ ತಲುಪಿಸುತ್ತೇನೆ.

ನಿಮ್ಮ ಹಾಡನ್ನು ನೂರು ಸಲ ಕೇಳಿದ,
ಸಂಗ್ರಹಕಾರ


ಮಾರ್ಚ್ ೩೦

ಅಮ್ಮಾ,

ಫಾರಂ ಇನ್ನೂ ಬರಲಿಲ್ಲ. ಅಂಚೆಯಲ್ಲಿ ತಪ್ಪಿರಬಹುದೆಂದು ಇನ್ನೊಂದು ಕಳಿಸುತ್ತಿದ್ದೇನೆ. ಆರೋಗ್ಯವಾಗಿದ್ದೀರಿ ತಾನೇ?

ಸಂಗ್ರಹಕಾರ


ಏಪ್ರಿಲ್ ೬

ತಮ್ಮಾ,

ನಿನ್ನನ್ನ ಏಕವಚನದಲ್ಲಿ ಕರೀತಿದೀನಿ, ಬೇಜಾರು ಮಾಡ್ಕೋಬೇಡ. ಆರೋಗ್ಯಕ್ಕೇನೂ ಆಗಿಲ್ಲ, ಗುಂಡುಕಲ್ಲು ಇದ್ದ ಹಾಗೆ ಇದೀನಿ. ಫಾರಂ ಎರಡೂ ಬಂದಿವೆ. ಅಂಗಡಿಯ ಕತ್ತರಿ ಕೆಳಗೆ ಇಟ್ಟಿದ್ದೆ. ಸಹಿ ಹಾಕೋಕೆ ಹೋದಾಗೆಲ್ಲ ಕೈ ಹಿಂದೆ ಬಂತು.

ಮೇಲಿನ ದನಿ ನಂದಲ್ಲ. ಗುಬ್ಬೀದು. ಸೊಲ್ಲು ಕೊಟ್ಟವಳು ನಾನು.

ಆ ಹುಡುಗಿ 'ಯಾರು' ಅಂತ ಕೇಳಿದಾಗ ಬಾಯಿಗೆ ಬಂದದ್ದು 'ನಾನೇ' ಅಂತ. ಮೂವತ್ತು ವರ್ಷದಿಂದ ಈ ಅಂಗಡಿಯಲ್ಲಿ ನನ್ನನ್ನ ಯಾರೂ ಏನೂ ಕೇಳಿದ್ದಿಲ್ಲ. 'ಯಾವಾಗ ಕೊಡ್ತೀರಿ' ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಹುಡುಗಿ ನನ್ನ ಕೈ ಹಿಡಕೊಂಡು "ನಿಜವಾಗ್ಲೂ?" ಅಂದಳು. ಅದು ಹಿತವಾಗಿತ್ತು. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಅಸ್ತರು ಹಾಕಲೇಬೇಕಲ್ಲ, ನಿನಗೂ ಅದನ್ನೇ ಬರೆದೆ. ಗುಬ್ಬಿ ಸಿಕ್ಕೋದಿಲ್ಲ ಅನ್ನೋ ಧೈರ್ಯ ನನಗೆ. ಅವಳು ನನಗಿಂತ ಮುಂಚೆ ಬರೆದಿದಾಳೆ, ಅದೂ ಅವಳ ದನಿಯನ್ನ ನನ್ನ ಹೆಸರಿಗೆ ಬರೆದಿದಾಳೆ ಅಂತ ಓದಿ ತಲೆ ಎತ್ತೋಕೆ ಆಗಲಿಲ್ಲ.

ಮೇಲೆ ಗುಬ್ಬಿ, ಕೆಳಗೆ ಕಡ್ಡಿ. ಹಾಗೆ ಹಾಕು. ಒಳಗಿರೋ ಕಾಗದ ಅವಳಿಗೆ. ನೀನು ಓದಿದರೂ ಪರವಾಗಿಲ್ಲ, ಆದರೆ ಓದಬೇಡ.

ಟೈಲರಕ್ಕ


ಏಪ್ರಿಲ್ ೬

ಗುಬ್ಬೀ,

ಹೇಗಿದೀಯ ಅಂತ ಕೇಳೋಕೆ ಮುಖ ಇಲ್ಲ. ಮನೆ ಬಿಟ್ಟು ಹೋದ ಎರಡನೇ ವರ್ಷ ನೀನು 'ಬದುಕಿದೀನಿ' ಅಂತ ಒಂದು ಕಾರ್ಡ್ ಹಾಕಿದ್ದೆ, ಅದರಲ್ಲಿ ವಿಳಾಸ ಇರಲಿಲ್ಲ. ಅಂಚೆ ಮುದ್ರೆ ಹಿಡಕೊಂಡು ಆ ಊರಿಗೂ ಹೋಗಿ ಬಂದೆ. ಅಷ್ಟು ದೊಡ್ಡ ಊರಲ್ಲಿ ಯಾರನ್ನ ಕೇಳೋದು? ಬಸ್ ನಿಲ್ದಾಣದ ಬೆಂಚಿನ ಮೇಲೆ ಸಾಯಂಕಾಲದವರೆಗೆ ಕೂತಿದ್ದು ವಾಪಸ್ ಬಂದೆ.

ಮೇಷ್ಟ್ರು ಹಾಡು ಹಿಡಕೊಂಡು ಹೋದ ಮೂರು ತಿಂಗಳಿಗೆ ನನ್ನ ಹೆಸರಿಗೆ ಕಾಗದ ಹಾಕಿದ್ದರು. ನಿನ್ನನ್ನ ಕಳಿಸಿ, ಹಾಡು ಕಲಿಯೋ ಕಡೆ ಸೇರಿಸ್ತೀನಿ, ಉಳಿಯೋಕೆ ನಮ್ಮನೆ ಇದೆ ಅಂತ. ನಿನಗೆ ಹದಿನೇಳು. ನಾನು ನಿನ್ನನ್ನ ಕೇಳಲಿಲ್ಲ. 'ನನ್ನ ತಂಗಿಗೆ ಇಷ್ಟ ಇಲ್ಲ' ಅಂತ ಬರೆದು ಹಾಕಿದೆ. ಅಪ್ಪನ ಶವ ಎತ್ತಿದ ವಾರ ಪೆಟ್ಟಿಗೆ ಕ್ಲೀನ್ ಮಾಡ್ತಾ ನಿನಗೆ ಮೇಷ್ಟ್ರ ಉತ್ತರ ಸಿಕ್ಕಿತು. 'ನಿಮ್ಮ ತಂಗಿಗೆ ಇಷ್ಟವಿಲ್ಲವೆಂದು ತಿಳಿದು ಬೇಸರವಾಯಿತು.' ನೀನು ಕೂಗಾಡಲಿಲ್ಲ. "ನನ್ನ ಬಾಯಿಂದಲೂ ನೀನೇ ಮಾತಾಡಿಬಿಟ್ಟೆಯಲ್ಲ, ಅಕ್ಕ," ಅಂದೆ, ಅಷ್ಟೇ. ಬೆಳಿಗ್ಗೆ ಉಪ್ಪಿನ ಲಾರಿ ಹತ್ತಿ ಹೋದೆ.

ಅಪ್ಪನಿಗೆ ಕಾಯಿಲೆ ಇತ್ತು, ಇಬ್ಬರೂ ಬೇಕಾಗಿತ್ತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಆ ಮನೆಯಲ್ಲಿ, ಅಪ್ಪನ ಕೆಮ್ಮಿನ ಜೊತೆ, ಒಬ್ಬಳೇ ಉಳಿಯೋಕೆ ನನಗೆ ಹೆದರಿಕೆ. ಹೊಟ್ಟೆಕಿಚ್ಚೂ ಇತ್ತು. ಮೇಷ್ಟ್ರು ಬರೆದದ್ದು ನನ್ನ ಹೆಸರಿಗೆ, ಕರೆದದ್ದು ನಿನ್ನನ್ನ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಮೂವತ್ತೈದು ವರ್ಷ ಉಂಡಿದೀನಿ.

ಹೆಸರಿನ ವಿಷಯ ಸರಿ ಮಾಡಿ ಬರೆದಿದೀನಿ. ನಿನ್ನದು ನಿನಗೆ. ನನ್ನ ಫೋನ್ ನಂಬರ್ ಕೆಳಗೆ ಹಾಕಿದೀನಿ. ಒಂದು ಸಲ ನಿನ್ನ ದನಿ ಕೇಳಿದರೆ ಸಾಕು. ಬೈದರೂ ಸರಿ.

ಅಕ್ಕ


ಜೂನ್ ೧೯

ಅಕ್ಕ,

ನಿನ್ನ ಕಾಗದ ಬಂದು ಎರಡು ತಿಂಗಳಾಯ್ತು. ಉತ್ತರ ಕೊಡಬಾರದು ಅಂತಲೇ ಇದ್ದೆ.

ನಾನು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡ್ತೀನಿ. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಇಪ್ಪತ್ತೊಂದು ವರ್ಷ ಆಯ್ತು. ಇಸ್ತ್ರಿ ಹಾಕೋ ಕಡೆ ಒಂದು ರೇಡಿಯೋ ಇದೆ. ಹೋದ ವರ್ಷ ಒಂದು ದಿನ ಅದರಲ್ಲಿ ಈ ಹಾಡುಗಳ ಬಗ್ಗೆ ಕಾರ್ಯಕ್ರಮ ಬಂತು. ನಾನು, ಜೊತೆಯವಳು ಹಾಸಿಗೆ ಬಟ್ಟೆಯ ನಾಲ್ಕು ತುದಿ ಹಿಡಿದು ಮಡಚ್ತಾ ಇದ್ದೆವು. ನನ್ನ ದನಿ ಬಂತು. ಜೊತೆಯವಳು "ಎಂಥಾ ಗಂಟಲಪ್ಪಾ ಇದು!" ಅಂದಳು. ನಾನು ತಲೆ ಆಡಿಸಿ ನನ್ನ ಕಡೆಯ ತುದಿ ಅವಳ ಕೈಗೆ ಕೊಟ್ಟೆ. ಮಡಿಕೆ ತಪ್ಪಲಿಲ್ಲ.

ಒಳ್ಳೆತನದಿಂದ ನಿನ್ನ ಹೆಸರು ಬರೆದೆ ಅಂದುಕೋಬೇಡ. ನನ್ನ ಹೆಸರು ಬಂದರೆ ಇಲ್ಲಿನವರು 'ಒಂದು ಹಾಡು ಹೇಳೇ' ಅಂತಾರೆ. ಎಲ್ಲಿಂದ ತರಲಿ? ಒಂಬತ್ತು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಎದ್ದು ತೆಗೆದರು. ಜೀವ ಉಳೀತು, ದನಿ ಹೋಯ್ತು. ಈಗ ಮಾತಾಡಿದರೆ ಹಾಳೆ ಹರಿದ ಹಾಗೆ ಕೇಳುತ್ತೆ. ಹತ್ತಿರ ಕೂತವರಿಗೆ ಮಾತ್ರ. ಅದಕ್ಕೇ ನಿನ್ನ ನಂಬರಿಗೆ ನಾನು ಫೋನ್ ಮಾಡೋದಿಲ್ಲ. ನೀನು ಕೇಳಬೇಕು ಅಂದ ದನಿ ಆರನೇ ಹಾಡಿನಲ್ಲಿ ಇದೆ. ಅಲ್ಲೇ ಕೇಳು.

ನಿನಗೆ ಹೊಟ್ಟೆಕಿಚ್ಚಿತ್ತು ಅಂತ ನನಗೆ ಗೊತ್ತಿತ್ತು. ಒಬ್ಬಳೇ ಉಳಿಯೋಕೆ ಹೆದರಿಕೆ ಅಂತ ಗೊತ್ತಿರಲಿಲ್ಲ. ನೀನು ಯಾವತ್ತೂ ಹೆದರಿದ ಹಾಗೆ ಕಾಣಲಿಲ್ಲ. ಹೇಳಿದ್ದರೆ ನಾನೇ ಉಳೀತಿದ್ದೆನೋ ಏನೋ. ಈಗ ಅದನ್ನ ಹೇಳಿ ಏನು ಬಂತು.

ಗುಬ್ಬಿ


ಜುಲೈ ೨

ಗುಬ್ಬೀ,

ನಾಲ್ಕು ಸಲ ಬರೆಯೋಕೆ ಕೂತೆ, ನಾಲ್ಕು ಸಲವೂ ಹರಿದೆ. ಇದೂ ಚಿಕ್ಕದೇ.

ಆಪರೇಷನ್ ಆದಾಗ ಜೊತೆಗೆ ಯಾರಿದ್ದರು? ಗಂಜಿ ಯಾರು ಕೊಟ್ಟರು? ನಿನಗೆ ಗಂಡ, ಮಕ್ಕಳು ಇದಾರಾ? ನನಗೆ ಯಾರೂ ಇಲ್ಲ. ಒಬ್ಬ ಕೇಳಿದ್ದ, ಗುಂಡಿ ಮಾರೋ ವ್ಯಾಪಾರಿ. ಒಳ್ಳೆಯವನು. 'ಯೋಚನೆ ಮಾಡ್ತೀನಿ' ಅಂದೆ. ನಾನು ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ಅವನ ಮಗನ ಮದುವೆ ಬಟ್ಟೆ ನನ್ನ ಹತ್ತಿರ ಹೊಲಿಯೋಕೆ ಬಂತು. ನಗು ಬಂದರೆ ನಗು.

ನಾನು ಬರಲಾ?

ಅಕ್ಕ


ಜುಲೈ ೨೭

ಅಕ್ಕ,

ನಕ್ಕೆ. ನಕ್ಕರೆ ನನಗೆ ಕೆಮ್ಮು ಬರುತ್ತೆ, ಇನ್ನು ಮೇಲೆ ಅಂಥದ್ದು ಬರೀಬೇಡ.

ಆಪರೇಷನ್ ಆದದ್ದು ನಮ್ಮ ಆಸ್ಪತ್ರೆಯಲ್ಲೇ. ನಾನೇ ಒಗೆದ ಹಾಸಿಗೆ ಬಟ್ಟೆ ಮೇಲೆ ಮಲಗಿದ್ದೆ. ನಾನಿರೋ ಸಾಲಿನ ಪಕ್ಕದ ರೂಮಿನ ಅಡುಗೆಯವಳು ಎರಡು ದಿನ ಬಂದು ಹೋದಳು. ಗಂಡ ಇದ್ದ, ಆರು ವರ್ಷ. ಆಮೇಲೆ ಇಲ್ಲ. ಸತ್ತಿಲ್ಲ, ಇಲ್ಲ.

ಬಾ ಅಂತ ನಾನು ಹೇಳೋದಿಲ್ಲ. ಬರಬೇಡ ಅಂತಲೂ ಹೇಳೋದಿಲ್ಲ. ಈ ಸಲ ನಿನ್ನ ಪರವಾಗಿ ನೀನೇ ಉತ್ತರ ಕೊಟ್ಟುಕೋ. ವಿಳಾಸ ಕಾಗದದ ಹಿಂದೆ ಇದೆ. ಭಾನುವಾರ ನನಗೆ ಕೆಲಸ, ಬುಧವಾರ ರಜ.

ಗುಬ್ಬಿ


ಆಗಸ್ಟ್ ೧೨

ಅಮ್ಮಾ,

ಎರಡನೇ ಮುದ್ರಣದ ಪುಸ್ತಿಕೆ ನಾಳೆ ಅಚ್ಚಿಗೆ ಹೋಗುತ್ತದೆ. ನಿಮ್ಮ ತಂಗಿಯವರು ಫಾರಂಗೆ ಸಹಿ ಹಾಕಲಿಲ್ಲ. 'ಬೇಡ' ಎಂಬ ಒಂದೇ ಪದ ಬರೆದು ಹಿಂದಕ್ಕೆ ಕಳಿಸಿದರು. ಒಪ್ಪಿಗೆ ಇಲ್ಲದೆ ಅವರ ಹೆಸರು ಹಾಕಲಾರೆ. ನಿಮ್ಮ ಹೆಸರನ್ನು ಅವರ ಜಾಗದಲ್ಲಿ ಹಾಕಲು ನೀವು ಬಿಡುವುದಿಲ್ಲ. ಮತ್ತೆ 'ಗೊತ್ತಿಲ್ಲ' ಎಂದು ಬರೆದರೆ ಅದು ನಾನು ಹೇಳುವ ಸುಳ್ಳಾಗುತ್ತದೆ. ಬಹಳ ಯೋಚಿಸಿ ಹೀಗೆ ಬರೆದಿದ್ದೇನೆ:

'ಕೆಳದನಿ: ಕಡ್ಡಿ. ಮೇಲ್ದನಿ: ಹೆಸರು ಹೇಳಲು ಒಪ್ಪದ ಒಬ್ಬರು.'

ಅವರಿಗೂ ಬರೆದು ಕೇಳಿದೆ. 'ಆಗಬಹುದು' ಎಂದು ಉತ್ತರ ಬಂತು.

ಎರಡು ಡಿಸ್ಕ್ ಕಳಿಸಿದ್ದೇನೆ. ಇದರ ಕೆಲಸ ಇಲ್ಲಿಗೆ ಮುಗಿಯಿತು, ಮುಂದಿನ ವಾರದಿಂದ ಬೇರೆ ಸೀಮೆಯ ಪೆಟ್ಟಿಗೆಗಳು ಬರುತ್ತವೆ. ನಿಮ್ಮ ಕಾಗದ ಇನ್ನು ಬರುವುದಿಲ್ಲವಲ್ಲ ಎಂದು ಸ್ವಲ್ಪ ಖಾಲಿ ಅನಿಸುತ್ತಿದೆ. ಕೆಲಸವಿಲ್ಲದಿದ್ದರೂ ಬರೆಯಿರಿ.

ಸಂಗ್ರಹಕಾರ


ಸೆಪ್ಟೆಂಬರ್ ೨೦

ತಮ್ಮಾ,

ಬರೀ ಅಂದೆಯಲ್ಲ, ಬರೀತಿದೀನಿ. ಮೊನ್ನೆ ಬುಧವಾರ ಅಂಗಡಿಗೆ ಬೀಗ ಹಾಕಿ ಹೋಗಿ ಬಂದೆ. ಬೆಳಿಗ್ಗೆ ಏಳು ಗಂಟೆಯ ಬಸ್ಸು ಹಿಡಿದೆ.

ಆಸ್ಪತ್ರೆಯ ಹಿಂದೆ ಕೆಲಸದವರ ಸಾಲು ರೂಮುಗಳು. ಬಾಗಿಲು ತೆಗೆದವಳು ನಮ್ಮ ಅಮ್ಮ ಅಂದುಕೊಂಡೆ ಒಂದು ಗಳಿಗೆ. ಅಷ್ಟು ವಯಸ್ಸಾಗಿದೆ ಅವಳಿಗೆ. ಅವಳೂ ನನ್ನನ್ನ ಮೇಲಿಂದ ಕೆಳಗೆ ನೋಡಿ ಏನೋ ಅಂದಳು, ಕೇಳಿಸಲಿಲ್ಲ. ಬಗ್ಗಿ ಕಿವಿ ಹತ್ತಿರ ತಂದೆ. "ಕಡ್ಡೀನಾ ನೀನು?" ಅಂದಳು. ಅಪ್ಪಿಕೊಳ್ಳೋದು ಗಿಪ್ಪಿಕೊಳ್ಳೋದು ಏನೂ ಆಗಲಿಲ್ಲ. ಚಪ್ಪಲಿ ಎಲ್ಲಿ ಬಿಡಲಿ ಅಂತ ಕೇಳಿದೆ. ತೋರಿಸಿದಳು.

ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ. ಬಟ್ಟೆ ಎಲ್ಲ ಆಸ್ಪತ್ರೆ ಮಡಿಕೆಯಲ್ಲಿ, ಅಳತೆ ಹಿಡಿದ ಹಾಗೆ. ಅವಳು ಮಂಚದ ಮೇಲೆ, ನಾನು ಕುರ್ಚಿ ಮೇಲೆ. ಏನು ಮಾತಾಡೋದು? ಬರೆಯೋದನ್ನೆಲ್ಲ ಬರೆದಾಗಿತ್ತು. ದಾರಿ ಹೇಗಿತ್ತು ಅಂದಳು, ಗುಂಡಿ ಜಾಸ್ತಿ ಅಂದೆ. ಅಪ್ಪನ ಮನೆ ಏನಾಯ್ತು ಅಂದಳು, ಕೆಡವಿದರು ಅಂದೆ. ಅವಳ ಅಂಗಿಯ ತೋಳಿನ ಹೊಲಿಗೆ ಬಿಟ್ಟಿತ್ತು. ಬಿಚ್ಚಿ ಕೊಡು ಅಂತ ಕೈ ಚಾಚಿದೆ, ಕೊಟ್ಟಳು. ಸೂಜಿದಾರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತೆ. ಹೊಲೀತಾ ಕೂತ ಮೇಲೆ ಇಬ್ಬರಿಗೂ ಉಸಿರಾಟ ಸಲೀಸಾಯ್ತು.

ಮಧ್ಯಾಹ್ನ ಪಕ್ಕದ ರೂಮಿನ ಅಡುಗೆಯವಳು ಬಂದಳು. ಬಾಯಿ ಜೋರು, ಮನಸ್ಸು ಒಳ್ಳೇದು. ನನ್ನ ಹತ್ತಿರ ಡಿಸ್ಕ್ ನೋಡಿ ತನ್ನ ಪ್ಲೇಯರ್ ಎತ್ತಿಕೊಂಡೇ ಬಂದಳು. ಬೇಡ ಅನ್ನೋ ಹೊತ್ತಿಗೆ ಹಾಕಿ ಆಗಿತ್ತು. ಮೊದಲನೆಯದರಿಂದ ಶುರು. ಗಾಳಿಪಂಪು, ದೋಣಿಯ ಎಣಿಕೆ, ಬಾಯ್ಲರ್ ಸೀಟಿ ಎಲ್ಲ ಬಂತು. ಗುಬ್ಬಿ ಗೋಡೆ ನೋಡ್ತಾ ಕೂತಿದ್ದಳು. ಆರನೆಯದು ಬಂದಾಗ ಅಡುಗೆಯವಳು ಪ್ಲೇಯರ್ ಹತ್ತಿರ ಸರಿದು ಕೂತಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಯಾರ್ರೀ ಅದು, ಮೇಲೆ ಹಾಡಿದ್ದು?" ಅಂತ ಕೇಳಿದಳು.

ನನ್ನ ಬಾಯಿ ತೆರೆಯಿತು ತಮ್ಮಾ. ಗುಬ್ಬಿ ಅಂತ ಹೇಳೋಕೇ ತೆರೆದದ್ದು. ಆದರೂ ಮುಚ್ಚಿಕೊಂಡೆ. ಸೂಜಿ ಬಟ್ಟೆಯಲ್ಲೇ ನಿಲ್ಲಿಸಿ ತಲೆ ತಗ್ಗಿಸಿದೆ. ಆಮೇಲೆ ಗುಬ್ಬಿ, ಆ ಹರಿದ ಹಾಳೆಯ ದನಿಯಲ್ಲಿ, "ನಾನು," ಅಂದಳು.

ಅಡುಗೆಯವಳು ಗೊಳ್ಳನೆ ನಕ್ಕಳು. "ಹೋಗೇ, ಸುಳ್ಳಿ! ಬೇಕಾದರೆ ನಾನೂ ಅದರಲ್ಲಿ ಡೋಲು ಬಾರಿಸಿದೀನಿ ಅಂತೀನಿ."

ಗುಬ್ಬಿ ನನ್ನನ್ನ ನೋಡಿದಳು. ಚಿಕ್ಕವಳಿದ್ದಾಗ ಅಪ್ಪನ ಹತ್ತಿರ ಏನಾದರೂ ಕೇಳಬೇಕಾದರೆ ಹಾಗೆ ನೋಡ್ತಿದ್ದಳು, ನೀನು ಹೇಳು ಅನ್ನೋ ಹಾಗೆ.

"ಅವಳೇ," ಅಂದೆ. "ನಾನು ಕೆಳಗೆ. ಪಕ್ಕದಲ್ಲೇ ನಿಂತಿದ್ದೆ."

ಅಡುಗೆಯವಳ ನಗು ನಿಂತಿತು. ಪ್ಲೇಯರ್ ಅಲ್ಲೇ ಬಿಟ್ಟು, ಕಣ್ಣೊರೆಸಿಕೊಂಡು ಎದ್ದು ಹೋದಳು. ಗುಬ್ಬಿ ಅಳಲಿಲ್ಲ. "ಒಂಬತ್ತು ವರ್ಷದಿಂದ ಗೋಡೆ ಪಕ್ಕ ಇದಾಳೆ, ಅವಳಿಗೇ ಹೇಳಿರಲಿಲ್ಲ," ಅಂದಳು.

ನಾಲ್ಕು ಗಂಟೆಗೆ ಕೊನೇ ಬಸ್ಸು. ನಿಲ್ದಾಣದವರೆಗೆ ಬಂದಳು, ಬಸ್ಸು ಹೊರಡೋವರೆಗೆ ನಿಲ್ಲಲಿಲ್ಲ. ಮತ್ತೆ ಬಾ ಅನ್ನಲಿಲ್ಲ. ದಾರಿಯುದ್ದಕ್ಕೂ ನನ್ನ ಪಕ್ಕದ ಸೀಟು ಖಾಲಿ ಇತ್ತು. ಇಷ್ಟು ವರ್ಷ ಅಂಥ ಸೀಟು ಸಿಕ್ಕರೆ ಕಾಲು ಚಾಚೋಕೆ ಆಯ್ತು ಅಂತ ಖುಷಿಪಡ್ತಿದ್ದವಳು ನಾನು.

ನೀನು ಒಬ್ಬನೇ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಬೇಡ. ಆಗಾಗ ಎದ್ದು ಹೊರಗೆ ಬಾ.

ಟೈಲರಕ್ಕ


ಅಕ್ಟೋಬರ್ ೯

ಅಕ್ಕ,

ನೀನು ಹೊಲಿದ ತೋಳು ಸ್ವಲ್ಪ ಬಿಗಿ. ಬಿಚ್ಚಿಲ್ಲ, ಹಾಗೇ ಹಾಕ್ಕೋತೀನಿ.

ಅಡುಗೆಯವಳು ಊರಿಗೆಲ್ಲ ಸಾರಿಬಿಟ್ಟಿದಾಳೆ. ಲಾಂಡ್ರಿಯವರು ಕೇಳಿದರು. ಹೌದು ಅಂದೆ. ಹಾಡು ಅಂತ ಯಾರೂ ಅನ್ನಲಿಲ್ಲ, ನಾನು ಸುಮ್ಮನೆ ಹೆದರಿದ್ದೆ. ಎರಡು ದಿನ ಮಾತಾಡಿಕೊಂಡರು, ಆಮೇಲೆ ಮರೆತರು. ರೇಡಿಯೋದಲ್ಲಿ ಈಗ ಬೇರೆ ಏನೋ ಬರುತ್ತೆ. ಪುಸ್ತಕದಲ್ಲಿ ಹೆಸರು ಹೇಳಲು ಒಪ್ಪದ ಒಬ್ಬರು ಅಂತಲೇ ಇರಲಿ. ಓದಿದೆ, ಚೆನ್ನಾಗಿದೆ.

ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಕೆಲವು ದಿನ ಬೆಳಿಗ್ಗೆ ಎದ್ದಾಗ ಸಿಟ್ಟು ಹಾಗೇ ಇರುತ್ತೆ. ಕೆಲವು ದಿನ ಇರೋದಿಲ್ಲ. ಇಲ್ಲದ ದಿನವೇ ಕಷ್ಟ, ಹೊತ್ತು ಹೋಗೋದಿಲ್ಲ.

ಬಸ್ಸು ಹೊರಡೋವರೆಗೆ ನಿಲ್ಲಲಿಲ್ಲ ಅಂತ ನೀನು ಮನಸ್ಸಿಗೆ ಹಚ್ಚಿಕೊಂಡಿರ್ತೀಯ. ನನಗೆ ಕೂಗಿ ಹೇಳೋಕೆ ಆಗೋದಿಲ್ಲ, ಕಿಟಕಿ ಎತ್ತರದಲ್ಲಿತ್ತು. ಅದಕ್ಕೇ ಹೊರಟು ಬಂದೆ. ರೂಮಿಗೆ ಬಂದು ನೋಡಿದರೆ ನಾವು ಕುಡಿದ ಚಹಾದ ಎರಡು ಲೋಟ ಹಾಗೇ ಇದ್ದವು. ನನ್ನದು ತೊಳೆದೆ. ನಿನ್ನದನ್ನ ಮಾರನೇ ದಿನ ತೊಳೆದೆ.

ಗುಬ್ಬಿ